ಹೂಡಿಕೆಯ ನಿಯಂತ್ರಣ: ತರುಣ ಸರ್ಕಾರಿ ವಕೀಲರ ಕಾರ್ಯ ಮತ್ತು ಹೊಣೆ

ದುಡಿದು ಉಂಡು ಉಳಿದುದನ್ನು ನಾಳೆಗೆಂದು ಕಾದಿಡುವುದು ಮನುಷ್ಯನ ಬಹು ಹಳೆಯ ರೂಢಿ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುಗ್ಗಿಯ ಹಣದಲ್ಲಿ ಒಂದೆರಡು ತೊಲ ಬಂಗಾರ ಮಾಡಿಸುತ್ತಿದ್ದರು. ತೀರ ನಂಬಿಕೆಯವರಾದರೆ ಕೈಗಡವಾಗಿ ಕೊಡುತ್ತಿದ್ದರು. ಅದರಲ್ಲಿ ಒಂದು ಅನುಕೂಲವಿತ್ತು: ಇಟ್ಟ ವಸ್ತು ಕಣ್ಣಿಗೆ ಕಾಣುತ್ತಿತ್ತು, ಹಣ ಪಡೆದವನ ಮನೆ ಗೊತ್ತಿರುತ್ತಿತ್ತು. ಇಂದಿನ ಉಳಿತಾಯದ ಸ್ವರೂಪ ಹಾಗಲ್ಲ. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಉಪದಾನದ ಹಣದಿಂದ ಒಂದು ಕಂಪೆನಿಯ ಷೇರು ಕೊಂಡರೆ, ಆ ಕಂಪೆನಿಯ ಕಾರ್ಖಾನೆಯನ್ನು ಅವರು ಕಂಡಿರುವುದಿಲ್ಲ, ಅದರ ನಿರ್ದೇಶಕರನ್ನು ಬಲ್ಲವರಲ್ಲ, ಲೆಕ್ಕಪತ್ರವನ್ನು ಓದಿದರೂ ಪೂರ್ತಿ ತಿಳಿಯುವುದಿಲ್ಲ. ಅವರು ನಂಬಿರುವುದು ಬರಹವನ್ನು ಮಾತ್ರ. ಆ ಬರಹ ಸುಳ್ಳಾದರೆ ಕೇಳುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುದೇ ಹೂಡಿಕೆಯ ನಿಯಂತ್ರಣ. ಆ ನಿಯಂತ್ರಣದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ತರುಣ ವಕೀಲರು ಏನು ಮಾಡುತ್ತಾರೆ, ಅವರ ಹೊಣೆ ಎಂತಹುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸೋಣ. ಕಾನೂನನ್ನು ಓದಬೇಕೆಂದಿರುವ ವಿದ್ಯಾರ್ಥಿಗಳಿಗೆ ನ್ಯಾಯಾಲಯದ ಕರಿಯ ಕೋಟಿನ ಪರಿಚಯ ಇದ್ದೇ ಇರುತ್ತದೆ. ಕಡತದ ಮುಂದೆ ಕುಳಿತ ವಕೀಲರ ಪರಿಚಯ ಅಷ್ಟಾಗಿ ಇರುವುದಿಲ್ಲ.

ನಿಯಂತ್ರಣದ ಹುಟ್ಟು

ಸ್ವಾತಂತ್ರ್ಯ ಬಂದ ವರ್ಷದಲ್ಲಿಯೇ, ಅಂದರೆ 1947ರಲ್ಲಿ, ಬಂಡವಾಳ ನೀಡಿಕೆಯನ್ನು ಹತೋಟಿಯಲ್ಲಿಡುವ ಕಾಯ್ದೆಯೊಂದು ನಮ್ಮ ದೇಶದಲ್ಲಿ ಜಾರಿಗೆ ಬಂದಿತು. ಕಂಪೆನಿಯೊಂದು ಸಾರ್ವಜನಿಕರಿಂದ ಎಷ್ಟು ಬಂಡವಾಳ ಎತ್ತಬೇಕು, ಷೇರನ್ನು ಯಾವ ಬೆಲೆಗೆ ಕೊಡಬೇಕು ಎಂಬುದನ್ನು ಕೇಂದ್ರ ಸರ್ಕಾರದ ಅಧಿಕಾರಿಯೇ ಗೊತ್ತುಪಡಿಸುತ್ತಿದ್ದ ಕಾಲವದು. 1988ರ ಏಪ್ರಿಲ್ ತಿಂಗಳಲ್ಲಿ ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ, ಅಂದರೆ ನಾವೆಲ್ಲ ‘ಸೆಬಿ’ ಎಂದು ಕರೆಯುವ ಸಂಸ್ಥೆ, ಸ್ಥಾಪಿತವಾಯಿತು. ಆದರೆ ಆಗ ಅದಕ್ಕೆ ಶಾಸನದ ಬಲವಿರಲಿಲ್ಲ. 1992ರ ಜನವರಿ 30ರಂದು ಸುಗ್ರೀವಾಜ್ಞೆಯ ಮೂಲಕ ಆ ಬಲ ದೊರೆಯಿತು. ಅನಂತರ ಸಂಸತ್ತು ಅದನ್ನು ಕಾಯ್ದೆಯಾಗಿ ಮಾಡಿತು. ಅದೇ ವರ್ಷ 1947ರ ಹಳೆಯ ಕಾಯ್ದೆ ರದ್ದಾಯಿತು. ಬೆಲೆಯನ್ನು ಸರ್ಕಾರ ಕಟ್ಟುವುದು ನಿಂತಿತು; ಕಂಪೆನಿಯೇ ಬೆಲೆ ಹೇಳಬಹುದು, ಆದರೆ ನಿಜವನ್ನು ಮುಚ್ಚಿಡುವಂತಿಲ್ಲ ಎಂಬ ಹೊಸ ತತ್ತ್ವ ಬಂದಿತು. ಹೊಸ ಕಾಯ್ದೆಯ ಶಾಯಿ ಆರುವ ಮುನ್ನವೇ, 1992ರ ಏಪ್ರಿಲ್ ತಿಂಗಳಲ್ಲಿ, ಬ್ಯಾಂಕುಗಳ ಹಣವನ್ನು ಷೇರುಪೇಟೆಗೆ ಹರಿಸಿದ ದೊಡ್ಡ ಹಗರಣ ಬಯಲಾಗಿ, ಇಂತಹ ಕಾವಲು ಎಷ್ಟು ಅಗತ್ಯವೆಂಬುದನ್ನು ದೇಶಕ್ಕೆ ಮನಗಾಣಿಸಿತು.

1992ರ ಕಾಯ್ದೆಯ 11ನೆಯ ಪ್ರಕರಣವು ಮಂಡಳಿಯ ಕರ್ತವ್ಯವನ್ನು ಮೂರು ಮಾತುಗಳಲ್ಲಿ ಹೇಳಿದೆ: ಹೂಡಿಕೆದಾರರ ಹಿತವನ್ನು ರಕ್ಷಿಸುವುದು, ಪೇಟೆಯ ಬೆಳವಣಿಗೆಗೆ ನೆರವಾಗುವುದು, ಅದನ್ನು ನಿಯಂತ್ರಿಸುವುದು. ಈ ಕರ್ತವ್ಯಕ್ಕಾಗಿ ಕೊಟ್ಟ ಅಧಿಕಾರವಾದರೋ ಅಸಾಧಾರಣವಾದುದು. ನಮ್ಮ ರಾಜ್ಯಾಂಗದಲ್ಲಿ ನಿಯಮ ಮಾಡುವವರು ಬೇರೆ, ತನಿಖೆ ಮಾಡುವವರು ಬೇರೆ, ತೀರ್ಪು ಕೊಡುವವರು ಬೇರೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಸೆಬಿಯಲ್ಲಿ ಈ ಮೂರು ಕೆಲಸಗಳೂ ಒಂದೇ ಸೂರಿನ ಕೆಳಗೆ ನಡೆಯುತ್ತವೆ. ವಿನಿಯಮಗಳನ್ನು ರಚಿಸುವುದು ಮಂಡಳಿ. ಅವು ಮುರಿದುವೇ ಎಂದು ಶೋಧಿಸುವುದು ಮಂಡಳಿಯ ಅಧಿಕಾರಿ. ದಂಡ ವಿಧಿಸುವುದೂ ಅದೇ ಮಂಡಳಿ ನೇಮಿಸಿದ ನ್ಯಾಯನಿರ್ಣಯಾಧಿಕಾರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆ ಇಲ್ಲಿ ನೆನಪಿಗೆ ಬರುವುದು ಸಹಜ. ಇದಕ್ಕೆಂದೇ ಕಾಯ್ದೆಯು ಮೇಲಿನ ಮೆಟ್ಟಿಲುಗಳನ್ನು ಇಟ್ಟಿದೆ. ಮಂಡಳಿಯ ಆದೇಶದಿಂದ ನೊಂದವರು 45 ದಿನಗಳೊಳಗೆ ಷೇರುಪೇಟೆ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅಲ್ಲಿಂದ ಕಾನೂನಿನ ಪ್ರಶ್ನೆ ಇದ್ದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬಹುದು. ಆದರೆ ಮೇಲಿನ ಮೆಟ್ಟಿಲು ಎಷ್ಟೇ ಗಟ್ಟಿಯಾಗಿದ್ದರೂ ಮೊದಲನೆಯ ಕಾವಲು ಕಡತವನ್ನು ಮೊದಲು ಬಿಚ್ಚುವ ವ್ಯಕ್ತಿಯ ಮನಸ್ಸಿನಲ್ಲಿಯೇ ಇರಬೇಕಾಗುತ್ತದೆ. ಆ ವ್ಯಕ್ತಿಯೇ ನಮ್ಮ ತರುಣ ವಕೀಲರು.

ಸೇವೆಗೆ ಪ್ರವೇಶ

ಸೆಬಿ ಸರ್ಕಾರದ ಇಲಾಖೆಯಲ್ಲ, ಶಾಸನದಿಂದ ಹುಟ್ಟಿದ ಮಂಡಳಿ ಎಂಬುದು ನಿಜ. ಆದರೂ ಅದರ ಕಾನೂನು ಅಧಿಕಾರಿ ಸಾರ್ವಜನಿಕರ ಪರವಾಗಿ ಸಾರ್ವಜನಿಕ ಅಧಿಕಾರವನ್ನು ನಡೆಸುವವರಾದುದರಿಂದ ಅವರನ್ನು ಸರ್ಕಾರಿ ವಕೀಲರ ಸಾಲಿನಲ್ಲಿಯೇ ಇಟ್ಟು ನೋಡುವುದು ಉಚಿತ. ಕಾನೂನಿನ ಪದವಿ ಪಡೆದವರು ಸ್ಪರ್ಧಾತ್ಮಕ ಪರೀಕ್ಷೆ ಮತ್ತು ಸಂದರ್ಶನಗಳ ಮೂಲಕ ಸಹಾಯಕ ವ್ಯವಸ್ಥಾಪಕರಾಗಿ ಈ ಸೇವೆಗೆ ಸೇರುತ್ತಾರೆ. ಮುಂಬಯಿಯ ಕೇಂದ್ರ ಕಚೇರಿಯಲ್ಲಿ ಮೇಜಿನ ಮುಂದೆ ಕುಳಿತ ಮೊದಲ ದಿನ ಅವರಿಗೆ ಸ್ವಲ್ಪ ನಿರಾಶೆಯಾದರೂ ಆಗಬಹುದು. ಸಹಪಾಠಿಗಳು ಹೈಕೋರ್ಟಿನಲ್ಲಿ ವಾದಕ್ಕೆ ನಿಂತಿರುವಾಗ ತಮಗೆ ದೊರೆತುದು ಕಡತ, ಟಿಪ್ಪಣಿ ಮತ್ತು ಕರಡು. ನ್ಯಾಯಾಧಿಕರಣದ ಮುಂದೆ ಹಿರಿಯ ವಕೀಲರು ವಾದಿಸುವಾಗ ಇವರು ಹಿಂದಿನ ಸಾಲಿನಲ್ಲಿ ಕುಳಿತು, ಬೇಕಾದ ಪುಟವನ್ನು ಬೇಕಾದ ಗಳಿಗೆಯಲ್ಲಿ ತೆಗೆದುಕೊಡಬೇಕು.

ಆದರೆ ಈ ಕೆಲಸದ ಗಾತ್ರವನ್ನು ಹೊರಗಿನ ನೋಟದಿಂದ ಅಳೆಯಬಾರದು. ಖಾಸಗಿ ವಕೀಲರಿಗೆ ಕಕ್ಷಿದಾರನೊಬ್ಬನಿರುತ್ತಾನೆ. ಅವನು ಎದುರಿಗೆ ಕುಳಿತು ತನ್ನ ಕಷ್ಟವನ್ನು ಹೇಳುತ್ತಾನೆ. ಅವನನ್ನು ಗೆಲ್ಲಿಸುವುದು ಅವರ ಧರ್ಮ. ನಿಯಂತ್ರಣ ಕಚೇರಿಯ ವಕೀಲರಿಗೆ ಕಕ್ಷಿದಾರ ಯಾರು? ಮಂಡಳಿಯ ಅಧ್ಯಕ್ಷರೇ? ಹಣ ಕಳೆದುಕೊಂಡ ಹೂಡಿಕೆದಾರರೇ? ಕಾಯ್ದೆಯೇ? ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳದವರು ಈ ಸೇವೆಯಲ್ಲಿ ಬಹಳ ದಿನ ನೇರವಾಗಿ ನಡೆಯಲಾರರು. ಈ ಪ್ರಶ್ನೆಗೆ ಉತ್ತರವನ್ನು ಅವರ ದಿನನಿತ್ಯದ ಕೆಲಸದಲ್ಲಿಯೇ ಹುಡುಕೋಣ.

ಮೊದಲನೆಯ ಪಾಠ: ಯಾರ ಬಾಗಿಲು?

ದೂರಿನ ಕಾಗದವೊಂದು ಬಂದಾಗ ತರುಣ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಮೋಸವೇ?’ ಎಂಬುದಲ್ಲ, ‘ಇದು ನಮ್ಮ ಅಧಿಕಾರದ ವ್ಯಾಪ್ತಿಗೆ ಸೇರಿದುದೇ?’ ಎಂಬುದು. ತೊಂಬತ್ತರ ದಶಕದಲ್ಲಿ ತೇಗದ ಗಿಡ, ಆಡು ಸಾಕಣೆ, ತೋಟದ ಜಮೀನು ಎಂದು ಬಗೆಬಗೆಯ ಹೆಸರು ಹೇಳಿ ಹಣ ಕೂಡಿಸಿದ ಕಂಪೆನಿಗಳು ದೇಶದ ತುಂಬ ತಲೆಯೆತ್ತಿದವು. ‘ನಾವು ಮಾರುತ್ತಿರುವುದು ಗಿಡ, ಷೇರಲ್ಲ, ಸೆಬಿಗೆ ನಮ್ಮಲ್ಲಿ ಏನು ಕೆಲಸ?’ ಎಂಬುದು ಅವುಗಳ ವಾದವಾಗಿತ್ತು. ಇದಕ್ಕೆ ಉತ್ತರವಾಗಿ 1999ರಲ್ಲಿ ಕಾಯ್ದೆಗೆ ಹೊಸ ಪ್ರಕರಣವೊಂದು ಸೇರಿ, ಸಾಮೂಹಿಕ ಹೂಡಿಕೆ ಯೋಜನೆ ಎಂದರೇನು ಎಂಬುದನ್ನು ವಿವರಿಸಿತು. ಅದರಂತೆ ನಾಲ್ಕು ಲಕ್ಷಣಗಳನ್ನು ನೋಡಬೇಕು. ಹಲವರ ಹಣ ಒಂದೆಡೆ ಕೂಡಿಬಿದ್ದಿದೆಯೆ? ಹಣ ಕೊಟ್ಟವರು ಲಾಭ, ಉತ್ಪನ್ನ ಅಥವಾ ಸ್ವತ್ತಿನ ನಿರೀಕ್ಷೆಯಿಂದ ಕೊಟ್ಟಿದ್ದಾರೆಯೆ? ಆ ಸ್ವತ್ತನ್ನು ಅವರ ಪರವಾಗಿ ಬೇರೆಯವರು ನಿರ್ವಹಿಸುತ್ತಾರೆಯೆ? ದಿನನಿತ್ಯದ ಆಡಳಿತದಲ್ಲಿ ಹಣ ಕೊಟ್ಟವರಿಗೆ ಹಿಡಿತವಿಲ್ಲವೆ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ, ಹೆಸರು ಗಿಡವೆಂದಿರಲಿ ಆಡೆಂದಿರಲಿ, ಅದು ಹೂಡಿಕೆಯೇ ಸರಿ. ಈ ಪ್ರಕರಣವು ರಾಜ್ಯಾಂಗಬದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಪಿ.ಜಿ.ಎಫ್. ಪ್ರಕರಣದಲ್ಲಿ ಎತ್ತಿಹಿಡಿಯಿತು. ಮರುವರ್ಷ, 2014ರ ಆಗಸ್ಟ್ ತಿಂಗಳಲ್ಲಿ, ಜಮೀನಿನ ಹೆಸರಿನಲ್ಲಿ ಹಣ ಕೂಡಿಸಿದ್ದ ಪಿ.ಎ.ಸಿ.ಎಲ್. ಕಂಪೆನಿಗೆ 49,100 ಕೋಟಿ ರೂಪಾಯಿಗಳನ್ನು ಹಿಂದಿರುಗಿಸುವಂತೆ ಸೆಬಿ ಆದೇಶಿಸಿತು.

ಅದೇ ಪ್ರಕರಣವು ಕೆಲವನ್ನು ಹೊರಗಿಟ್ಟಿದೆ ಎಂಬುದನ್ನೂ ಮರೆಯಬಾರದು. ಚೀಟಿ ವ್ಯವಹಾರ, ಸಹಕಾರ ಸಂಘಗಳ ಯೋಜನೆ, ವಿಮೆ, ಭವಿಷ್ಯನಿಧಿ ಮೊದಲಾದವು ಬೇರೆ ಕಾಯ್ದೆಗಳಿಗೆ ಸೇರಿವೆ. ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡಬಹುದು. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಐ.ಎಂ.ಎ. ಸಂಸ್ಥೆಯು ಕುಸಿದು, ಸಾವಿರಾರು ಕುಟುಂಬಗಳು ಬೀದಿಗೆ ಬಂದಾಗ, ಠೇವಣಿದಾರರ ರಕ್ಷಣೆಗೆ ಬಳಕೆಯಾದುದು 2004ರ ಕರ್ನಾಟಕದ ಕಾಯ್ದೆ. ಹಣಕಾಸು ಸಂಸ್ಥೆಗಳಲ್ಲಿನ ಠೇವಣಿದಾರರ ಹಿತರಕ್ಷಣೆಗೆಂದು ರಾಜ್ಯ ವಿಧಾನಮಂಡಲವು ಮಾಡಿದ ಆ ಕಾಯ್ದೆಯ ಮೇರೆಗೆ ಸಕ್ಷಮ ಪ್ರಾಧಿಕಾರವನ್ನು ನೇಮಿಸಿ ಸ್ವತ್ತುಗಳನ್ನು ವಶಪಡಿಸಿಕೊಳ್ಳಲಾಯಿತು. ಹಣ ಕಳೆದುಕೊಂಡವನಿಗೆ ಯಾವ ಕಾಯ್ದೆ, ಯಾವ ಕಚೇರಿ ಎಂಬುದು ತಿಳಿಯದು; ಅವನು ಕಂಡ ಬಾಗಿಲನ್ನು ತಟ್ಟುತ್ತಾನೆ. ತನ್ನ ಬಾಗಿಲಲ್ಲದಿದ್ದರೆ ಸರಿಯಾದ ಬಾಗಿಲನ್ನು ತೋರಿಸಿ ಅಂದೇ ಕಾಗದ ಬರೆಯುವುದು ತರುಣ ವಕೀಲರ ಕರ್ತವ್ಯ. ‘ನಮಗೆ ಸಂಬಂಧಿಸಿದುದಲ್ಲ’ ಎಂಬ ಒಂದೇ ವಾಕ್ಯ ಬರೆದು ಕಡತ ಮುಚ್ಚುವವರು ಕಾಯ್ದೆಯನ್ನು ಮುರಿದಿರಲಾರರು. ಆದರೆ ಬಡವನ ಎರಡು ತಿಂಗಳನ್ನು ಕದ್ದಿರುತ್ತಾರೆ, ಆ ಎರಡು ತಿಂಗಳಲ್ಲಿ ಸ್ವತ್ತು ಕೈ ಬದಲಾಗಿರುತ್ತದೆ.

ಎರಡನೆಯ ಪಾಠ: ಕಡತದೊಳಗಿನ ಕಾಗದ

ಇನ್ನು ಈ ವೃತ್ತಿಯ ಹೃದಯವೆನ್ನಬಹುದಾದ ಕಾರ್ಯಕ್ಕೆ ಬರೋಣ. ಅದು ಕಾರಣ ಕೇಳುವ ನೋಟೀಸಿನ ರಚನೆ. ಆರೋಪವೇನು, ಅದಕ್ಕೆ ಆಧಾರವೇನು, ಯಾವ ನಿಯಮ ಮುರಿದಿದೆ ಎಂಬುದನ್ನು ಎದುರು ಪಕ್ಷಕ್ಕೆ ತಿಳಿಸಿ, ‘ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು?’ ಎಂದು ಕೇಳುವ ಪತ್ರವದು. ಪಾಠದ ಅನುಕೂಲಕ್ಕಾಗಿ ಒಂದು ಕಡತವನ್ನು ಕಲ್ಪಿಸಿಕೊಳ್ಳೋಣ.

ಒಂದು ಕಂಪೆನಿಗೆ ಭಾರಿ ಗುತ್ತಿಗೆ ದೊರೆತಿದೆ. ಆ ಸುದ್ದಿ ಪ್ರಕಟವಾಗುವ ಮೂರು ದಿನ ಮೊದಲು ನಿರ್ದೇಶಕರೊಬ್ಬರ ಭಾವಮೈದುನ ಆ ಕಂಪೆನಿಯ ಷೇರು ಕೊಂಡಿದ್ದಾನೆ. ಸುದ್ದಿ ಬಂದೊಡನೆ ಬೆಲೆ ಏರಿದೆ. ಅವನು ಮಾರಿ ಲಾಭ ಪಡೆದಿದ್ದಾನೆ. ಒಳಗಿನ ಗುಟ್ಟನ್ನು ತಿಳಿದು ಮಾಡುವ ಇಂತಹ ವ್ಯಾಪಾರವನ್ನು ಕಾಯ್ದೆ ನಿಷೇಧಿಸಿದೆ. ಅದಕ್ಕೆ ಹತ್ತು ಲಕ್ಷ ರೂಪಾಯಿಗೆ ಕಡಮೆಯಿಲ್ಲದ, 25 ಕೋಟಿ ರೂಪಾಯಿ ಅಥವಾ ಲಾಭದ ಮೂರರಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗಿನ ದಂಡವನ್ನು ಗೊತ್ತುಪಡಿಸಿದೆ. ತನಿಖಾ ವರದಿ ಓದಿದ ನಮ್ಮ ತರುಣ ವಕೀಲರಿಗೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅರ್ಧ ದಿನದಲ್ಲಿ ನೋಟೀಸಿನ ಕರಡು ಸಿದ್ಧವಾಗುತ್ತದೆ. ಸಂಜೆ ಕಡತ ಕಟ್ಟುವಾಗ ಅನುಬಂಧದ ಕೊನೆಯಲ್ಲಿ ಒಂದು ಕಾಗದ ಕಣ್ಣಿಗೆ ಬೀಳುತ್ತದೆ. ಆ ಭಾವಮೈದುನ ಎರಡು ವರ್ಷಗಳಿಂದ ಪ್ರತಿ ತಿಂಗಳೂ ಅದೇ ಷೇರನ್ನು ಕೊಳ್ಳುತ್ತ ಬಂದಿದ್ದಾನೆ ಎಂದು ತೋರಿಸುವ ಲೆಕ್ಕಪಟ್ಟಿಯದು.

ಈ ಗಳಿಗೆಯೇ ಪರೀಕ್ಷೆಯ ಗಳಿಗೆ. ಎದುರು ಪಕ್ಷದವರು ಆ ಕಾಗದವನ್ನು ಕೇಳಿಲ್ಲ. ಮೇಲಧಿಕಾರಿಗಳು ಅದನ್ನು ಗಮನಿಸಿಲ್ಲ. ನೋಟೀಸಿಗೆ ಯಾವ ಕಾಗದಗಳನ್ನು ಜೋಡಿಸಬೇಕೆಂದು ನಿರ್ಧರಿಸುವವರು ಇವರೇ. ‘ನಾವು ಅದನ್ನು ಆಧಾರವಾಗಿ ಬಳಸಿಲ್ಲ; ಆದುದರಿಂದ ಕೊಡಬೇಕಾಗಿಲ್ಲ’ ಎಂಬ ವಾದವೂ ಕೈಗೆಟಕುವಂತಿದೆ. ಮನಸ್ಸು ಒಳಗಿನಿಂದ ಹೇಳುತ್ತದೆ: ‘ಇವನು ತಪ್ಪಿತಸ್ಥನೆಂಬುದು ನಮಗೆ ಗೊತ್ತು. ಈ ಕಾಗದ ಕೊಟ್ಟರೆ ಅವನು ನುಣುಚಿಕೊಳ್ಳುತ್ತಾನೆ. ಹೂಡಿಕೆದಾರರ ಹಿತಕ್ಕಾಗಿಯೇ ಇದನ್ನು ಬಿಡೋಣ.’ ತಪ್ಪು ದಾರಿ ಇಲ್ಲಿ ಸ್ವಾರ್ಥದ ವೇಷದಲ್ಲಿ ಬರುವುದಿಲ್ಲ, ಪರೋಪಕಾರದ ವೇಷದಲ್ಲಿ ಬರುತ್ತದೆ. ಅದರ ಅಪಾಯವಿರುವುದು ಅಲ್ಲಿಯೇ.

ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಟಿ. ಟಕಾನೊ ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ವಿಚಾರಿಸಿತು. ತನಿಖಾ ವರದಿಯು ತಮ್ಮ ಆಂತರಿಕ ದಾಖಲೆ, ಅದನ್ನು ಕೊಡಬೇಕಾಗಿಲ್ಲ ಎಂಬ ಮಂಡಳಿಯ ನಿಲುವನ್ನು ನ್ಯಾಯಾಲಯ ಒಪ್ಪಲಿಲ್ಲ. ನಿರ್ಣಯಕ್ಕೆ ಪ್ರಸಕ್ತವಾದ ಸಾಮಗ್ರಿಯನ್ನು ಎದುರು ಪಕ್ಷಕ್ಕೆ ಕೊಡುವುದು ಕರ್ತವ್ಯವೆಂದೂ, ಮೂರನೆಯವರ ಖಾಸಗಿ ಸಂಗತಿಗಳು ಅಥವಾ ಪೇಟೆಯ ಸ್ಥಿರತೆಗೆ ಧಕ್ಕೆ ತರುವ ಭಾಗಗಳನ್ನು ಮಾತ್ರ ಕಾರಣ ತೋರಿಸಿ ತಡೆಹಿಡಿಯಬಹುದೆಂದೂ ಅದು ತೀರ್ಮಾನಿಸಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿಯೂ, ತನಗೆ ಅನುಕೂಲವಾದ ಭಾಗವನ್ನು ಮಾತ್ರ ತೋರಿಸಿ ಉಳಿದುದನ್ನು ಗೋಪ್ಯವೆಂದು ಇಟ್ಟುಕೊಳ್ಳುವುದು ನಿಯಂತ್ರಕರಿಗೆ ಸಲ್ಲದೆಂಬ ಅಭಿಪ್ರಾಯವನ್ನೇ ಆ ನ್ಯಾಯಾಲಯ ವ್ಯಕ್ತಪಡಿಸಿತು.

ಈಗ ನಮ್ಮ ಕಲ್ಪಿತ ಕಡತಕ್ಕೆ ಹಿಂದಿರುಗೋಣ. ತರುಣ ವಕೀಲರು ಆ ಲೆಕ್ಕಪಟ್ಟಿಯನ್ನು ಬದಿಗಿಡದೆ, ಮರುದಿನ ಬೆಳಗ್ಗೆ ಸಾಲು ಸಾಲಾಗಿ ಓದುತ್ತಾರೆನ್ನಿ. ಪ್ರತಿ ತಿಂಗಳೂ ಅವನು ಕೊಂಡುದು ಐವತ್ತು ಷೇರು. ಆ ಒಂದು ದಿನ ಕೊಂಡುದು ಐದು ಸಾವಿರ! ಯಾವ ಕಾಗದವು ಮೊಕದ್ದಮೆಯನ್ನು ಕೆಡಿಸುವುದೆಂದು ಹೆದರಿದ್ದರೋ ಅದೇ ಈಗ ಅಳತೆಗೋಲಾಗಿ ನಿಂತಿದೆ. ವಾಡಿಕೆಯ ವ್ಯಾಪಾರವೆಂದರೆ ಎಷ್ಟು ಎಂಬುದನ್ನು ಅವನ ಲೆಕ್ಕವೇ ಹೇಳುತ್ತದೆ. ಆದರೆ ಹೀಗೂ ಆಗಬಹುದಿತ್ತು: ಆ ದಿನ ಕೊಂಡುದೂ ಐವತ್ತೇ ಆಗಿರಬಹುದಿತ್ತು. ಆಗ ತರುಣ ವಕೀಲರು ‘ಈ ಆರೋಪ ನಿಲ್ಲುವುದಿಲ್ಲ’ ಎಂದು ಟಿಪ್ಪಣಿ ಬರೆದು ಸಹಿ ಹಾಕಬೇಕಾಗುತ್ತಿತ್ತು. ಕಾಗದವು ನಮ್ಮ ಪರವಾಗಿ ಮಾತನಾಡುವುದೋ ವಿರೋಧವಾಗಿಯೋ ಎಂಬುದು ಬಳಿಕದ ಮಾತು. ಅದಕ್ಕೆ ಮಾತನಾಡಲು ಅವಕಾಶ ಕೊಡುವುದು ಮೊದಲನೆಯ ಮಾತು.

ಮೂರನೆಯ ಪಾಠ: ಸಂಶಯ ಮತ್ತು ಸಾಕ್ಷ್ಯ

ಐದು ಸಾವಿರ ಷೇರಿನ ಲೆಕ್ಕ ದೊರೆತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗುಟ್ಟು ಅವನಿಗೆ ತಲುಪಿತೆಂಬುದಕ್ಕೆ ಆಧಾರ ಬೇಕು. ಪೇಟೆಯ ಅಪರಾಧಗಳಲ್ಲಿ ಕಣ್ಣಾರೆ ಕಂಡ ಸಾಕ್ಷಿ ದೊರೆಯುವುದು ಅಪರೂಪ. ಗುಟ್ಟನ್ನು ಯಾರೂ ಪತ್ರ ಬರೆದು ಹೇಳುವುದಿಲ್ಲ. ಆದುದರಿಂದಲೇ ಸರ್ವೋಚ್ಚ ನ್ಯಾಯಾಲಯವು 2016ರ ಕಿಶೋರ್ ಅಜ್ಮೇರಾ ಪ್ರಕರಣದಲ್ಲಿ, ಸುತ್ತಣ ಸಂಗತಿಗಳನ್ನು ಒಟ್ಟಾಗಿ ನೋಡಿ ನ್ಯಾಯಸಮ್ಮತವಾದ ಅನುಮಾನಕ್ಕೆ ಬರಬಹುದೆಂದು ಹೇಳಿತು. ಕೊಲೆಯ ಮೊಕದ್ದಮೆಯಲ್ಲಿ ಬೇಕಾಗುವಷ್ಟು ಕಟ್ಟುನಿಟ್ಟಾದ ರುಜುವಾತು ಇಲ್ಲಿ ಬೇಕಾಗಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು.

ಆದರೆ ಈ ಸಡಿಲವನ್ನು ಸಲುಗೆಯೆಂದು ತಿಳಿಯಬಾರದು. 2022ರ ಏಪ್ರಿಲ್ ತಿಂಗಳಲ್ಲಿ ಬಲರಾಮ್ ಗರ್ಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಸೆಬಿಯ ಆದೇಶವನ್ನು ತಳ್ಳಿಹಾಕಿತು. ಕೊಂಡು ಮಾರಿದ ವೇಳೆ ಹಾಗೂ ಬಂಧುತ್ವ, ಇವೆರಡರ ಮೇಲೆಯೇ ಗುಟ್ಟು ಹೇಳಿದರೆಂಬ ತೀರ್ಮಾನಕ್ಕೆ ಬರುವಂತಿಲ್ಲ. ಸುದ್ದಿ ಕೈ ಬದಲಾಯಿತೆಂಬುದಕ್ಕೆ ಗಟ್ಟಿಯಾದ ಸಾಮಗ್ರಿ ಇರಬೇಕು ಎಂಬುದು ಅದರ ಸಾರ. ಬಂಧುವಾದ ಮಾತ್ರಕ್ಕೆ ಅಪರಾಧಿಯಲ್ಲ ಎಂಬುದು ನಮ್ಮ ಹಳ್ಳಿಯ ಪಂಚರಿಗೂ ತಿಳಿದ ನ್ಯಾಯವಲ್ಲವೆ? ಈ ಎರಡು ತೀರ್ಪುಗಳ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ ನಡೆಯುವುದನ್ನು ಕಲಿಯುವುದೇ ತರುಣ ವಕೀಲರ ಮೊದಲ ವರ್ಷಗಳ ಅಭ್ಯಾಸ. ಸಂಶಯವು ಶೋಧನೆಯನ್ನು ಆರಂಭಿಸಬೇಕು. ಆದರೆ ಆದೇಶವನ್ನು ಬರೆಯಬೇಕಾದುದು ಸಾಕ್ಷ್ಯ.

ನಾಲ್ಕನೆಯ ಪಾಠ: ಕಾಲ ಮತ್ತು ಪ್ರಮಾಣ

ಹಣವು ಕೈಜಾರುವ ಭಯವಿರುವಾಗ ಪೂರ್ಣ ವಿಚಾರಣೆಗೆ ಕಾಯುತ್ತ ಕೂಡುವುದು ಸಾಧ್ಯವಿಲ್ಲ. ಅದಕ್ಕಾಗಿಯೇ ಕಾಯ್ದೆಯು ಮಧ್ಯಂತರ ಆದೇಶದ ಅಧಿಕಾರವನ್ನು ಕೊಟ್ಟಿದೆ; ತುರ್ತಿದ್ದರೆ ಮೊದಲು ತಡೆದು ಅನಂತರ ಕೇಳಬಹುದು. ಆದರೆ ಮೂರು ವರ್ಷ ಹಳೆಯದಾದ ವ್ಯವಹಾರಕ್ಕೆ ಇಂದು ಏಕಾಏಕಿ ತಡೆ ಹಾಕಿ ‘ತುರ್ತು’ ಎಂದರೆ ಯಾರು ನಂಬುತ್ತಾರೆ? ನೋಟೀಸು ಕೊಡಲು ಕಾಯ್ದೆಯಲ್ಲಿ ಗಡುವು ಇಲ್ಲದಿದ್ದರೂ ಅಧಿಕಾರವನ್ನು ಸಮಂಜಸವಾದ ಕಾಲದೊಳಗೆ ನಡೆಸಬೇಕೆಂದು 2019ರಲ್ಲಿ ಭವೇಶ್ ಪಬಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ವರ್ಷಗಟ್ಟಲೆ ತೂಗಾಡುವ ನೋಟೀಸು ನಿರಪರಾಧಿಗೆ ಶಿಕ್ಷೆ. ಅಪರಾಧಿಗೆ ಸ್ವತ್ತನ್ನು ಸಾಗಿಸಲು ಬಿಡುವು.

ದಂಡದ ವಿಷಯದಲ್ಲಿಯೂ ಹೀಗೆಯೇ. ಅಕ್ರಮ ಲಾಭವೆಷ್ಟು, ಹೂಡಿಕೆದಾರರಿಗೆ ಆದ ನಷ್ಟವೆಷ್ಟು, ತಪ್ಪು ಮರುಕಳಿಸಿದೆಯೆ ಎಂಬ ಮೂರು ಅಂಶಗಳನ್ನು ಕಾಯ್ದೆಯೇ ಎತ್ತಿ ಹೇಳಿದೆ. ಇವಲ್ಲದೆ ಬೇರೆ ಅಂಶಗಳನ್ನೂ ನೋಡಬಹುದೆಂದು ಮೇಲಿನ ಪ್ರಕರಣವೇ ಸ್ಪಷ್ಟಪಡಿಸಿತು. ತಿಳಿಯದೆ ಒಂದು ವರದಿಯನ್ನು ನಾಲ್ಕು ದಿನ ತಡವಾಗಿ ಸಲ್ಲಿಸಿದ ಸಣ್ಣ ಕಂಪೆನಿಯನ್ನೂ ಜನರ ಹಣ ನುಂಗಿದವನನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯಲ್ಲಿ ನಿಯಂತ್ರಣ ಶಾಸ್ತ್ರದ ಸಾರವೆಲ್ಲ ಅಡಗಿದೆಯೆನ್ನಬಹುದು.

ಒಂದು ದೊಡ್ಡ ದೃಷ್ಟಾಂತ

ಈ ಪಾಠಗಳೆಲ್ಲ ಒಂದೆಡೆ ಕೂಡಿ ಕಾಣುವುದು ಸಹಾರಾ ಪ್ರಕರಣದಲ್ಲಿ. ಆ ಸಮೂಹದ ಎರಡು ಕಂಪೆನಿಗಳು ಷೇರಾಗಿ ಪರಿವರ್ತಿಸಬಹುದಾದ ಡಿಬೆಂಚರುಗಳ ಮೂಲಕ 24,000 ಕೋಟಿ ರೂಪಾಯಿಗಳಿಗೂ ಹೆಚ್ಚು ಹಣವನ್ನು ಸುಮಾರು ಮೂರು ಕೋಟಿ ಜನರಿಂದ ಕೂಡಿಸಿದ್ದವು. ‘ಇದು ನಮ್ಮ ಮಿತ್ರರು, ನೌಕರರು ಮತ್ತು ಬಳಗದವರಿಗೆ ಮಾಡಿದ ಖಾಸಗಿ ನೀಡಿಕೆ, ಸಾರ್ವಜನಿಕ ನೀಡಿಕೆಯಲ್ಲ’ ಎಂಬುದು ಅವುಗಳ ವಾದ. 2009ರ ಕೊನೆಯಲ್ಲಿಯೂ 2010ರ ಆರಂಭದಲ್ಲಿಯೂ ಬಂದ ದೂರಿನ ಕಾಗದಗಳನ್ನು ಕಚೇರಿಯಲ್ಲಿ ಯಾರೋ ಗಮನವಿಟ್ಟು ಓದಿದರು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ನೀಡಿದರೆ ಅದು ಸಾರ್ವಜನಿಕ ನೀಡಿಕೆಯೆಂದು ಅಂದಿನ 1956ರ ಕಂಪೆನಿ ಕಾಯ್ದೆ ಹೇಳಿತ್ತು. ಐವತ್ತರ ಗಡಿ ಎಲ್ಲಿ, ಮೂರು ಕೋಟಿ ಎಲ್ಲಿ! ಆ ಒಂದು ಸರಳವಾದ ಎಣಿಕೆಯ ಮೇಲೆ ಮೊಕದ್ದಮೆ ನಿಂತಿತು. ಮಂಡಳಿಯ ಪೂರ್ಣಾವಧಿ ಸದಸ್ಯರಾಗಿದ್ದ ಕೆ. ಎಂ. ಅಬ್ರಹಾಂ ಅವರು 2011ರ ಜೂನ್ 23ರಂದು ಸವಿಸ್ತಾರವಾದ ಆದೇಶ ಬರೆದರು. ಮೇಲ್ಮನವಿ ನ್ಯಾಯಾಧಿಕರಣ ಅದನ್ನು ಎತ್ತಿಹಿಡಿಯಿತು. 2012ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಜೆ. ಎಸ್. ಖೇಹರ್ ಅವರು ಶೇಕಡ 15ರ ಬಡ್ಡಿಯೊಂದಿಗೆ ಹಣ ಹಿಂದಿರುಗಿಸಬೇಕೆಂದು ತೀರ್ಪಿತ್ತರು. ಕಾರಣಗಳನ್ನು ಬಿಡಿಸಿ ಬರೆದ ಆದೇಶ ಎಷ್ಟು ಭಾರವನ್ನು ಹೊರಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ಆದರೆ ವಿದ್ಯಾರ್ಥಿಯು ಕಥೆಯನ್ನು ಇಲ್ಲಿಗೇ ನಿಲ್ಲಿಸಬಾರದು. ತೀರ್ಪಿನ ಬಳಿಕ ಹೂಡಿಕೆದಾರರ ದಾಖಲೆಗಳೆಂದು 127 ಲಾರಿಗಳಲ್ಲಿ 31,669 ಪೆಟ್ಟಿಗೆಗಳು ಮುಂಬಯಿಗೆ ಬಂದವು. ಇಷ್ಟಾಗಿಯೂ, 2023ರ ಮಾರ್ಚ್ ವೇಳೆಗೆ ಸೆಬಿಯ ಮೂಲಕ ಹೂಡಿಕೆದಾರರಿಗೆ ಹಿಂದಿರುಗಿದ ಮೊತ್ತ ಸುಮಾರು 138 ಕೋಟಿ ರೂಪಾಯಿ ಮಾತ್ರ. ತೀರ್ಪು ಗೆಲ್ಲುವುದು ಬೇರೆ, ಕಳೆದುಕೊಂಡವನ ಕೈಗೆ ಹಣ ಮುಟ್ಟಿಸುವುದು ಬೇರೆ ಎಂಬ ಕಹಿಯಾದ ಸತ್ಯವನ್ನು ಈ ಅಂಕಿ ಸಾರುತ್ತದೆ. ಆದುದರಿಂದ ಕಾಗದ ಬಂದ ದಿನವೇ ಓದುವ, ಹಣ ಚದುರುವ ಮುನ್ನವೇ ತಡೆಯುವ ಕೆಲಸಕ್ಕೆ ಬೆಲೆ ಕಟ್ಟಲಾಗದು. ಆ ಕೆಲಸ ಬಹುಮಟ್ಟಿಗೆ ಕಿರಿಯ ಅಧಿಕಾರಿಗಳದೇ.

ಭಾಷೆ ಮತ್ತು ಶೀಲ

ಈ ಸೇವೆಯಲ್ಲಿ ಕನ್ನಡ ಬಲ್ಲ ತರುಣ ತರುಣಿಯರಿಗೆ ವಿಶೇಷವಾದ ಪಾತ್ರವಿದೆ. ಕಾಯ್ದೆ, ವಿನಿಯಮ, ಆದೇಶಗಳೆಲ್ಲ ಇಂಗ್ಲಿಷಿನಲ್ಲಿ ಹುಟ್ಟುತ್ತವೆ. ಆದರೆ ಮೋಸದ ಕರಪತ್ರ ಹಳ್ಳಿಗೆ ಬರುವುದು ಹಳ್ಳಿಯ ನುಡಿಯಲ್ಲಿಯೇ. ‘ನಿಶ್ಚಿತ ಲಾಭ’, ‘ಹಣ ಇಮ್ಮಡಿ’ ಎಂಬ ಮಾತುಗಳನ್ನು ಏಜೆಂಟನು ಯಾವ ಸ್ವರದಲ್ಲಿ ಹೇಳಿರಬಹುದು, ಕೇಳಿದವರು ಅದನ್ನು ಹೇಗೆ ತಿಳಿದಿರಬಹುದು ಎಂಬುದು ಅನುವಾದದಲ್ಲಿ ಕಾಣುವುದಿಲ್ಲ. ವಿಧವೆಯೊಬ್ಬರು ಕೈಬರಹದಲ್ಲಿ ಬರೆದ ಎರಡು ಪುಟದ ದೂರಿನಲ್ಲಿ, ಮನೆಯ ಕಷ್ಟಗಳ ನಡುವೆ ಎಲ್ಲಿಯೋ ಒಂದೆಡೆ, ರಸೀದಿಯ ಸಂಖ್ಯೆಯೂ ಹಣ ಪಡೆದವನ ಹೆಸರೂ ಇರುತ್ತವೆ. ತಾಳ್ಮೆಯಿಂದ ಕೊನೆಯವರೆಗೆ ಓದಿದವರಿಗೆ ಮಾತ್ರ ಅವು ದೊರೆಯುತ್ತವೆ.

ಶೀಲದ ಮಾತೂ ಇದೆ. ಪೇಟೆಯ ಗುಟ್ಟುಗಳು ದಿನವೂ ಈ ಮೇಜಿನ ಮೇಲೆ ಹಾದುಹೋಗುತ್ತವೆ. ಅವುಗಳಿಂದ ಒಂದು ರೂಪಾಯಿಯ ಲಾಭವನ್ನೂ ತಾನು ಪಡೆಯದೆ, ಮನೆಯವರ ಮುಂದೆಯೂ ಬಾಯಿ ಬಿಡದೆ ಇರುವುದು ಕಷ್ಟದ ವ್ರತ. ಎದುರು ಪಕ್ಷದ ವಕೀಲರಿಗೆ ಒಂದು ದಿನಕ್ಕೆ ದೊರೆಯುವ ಸಂಭಾವನೆ ತನ್ನ ತಿಂಗಳ ಸಂಬಳವನ್ನು ಮೀರಿರಬಹುದು. ಮುಂದೊಂದು ದಿನ ಆ ಕಡೆಗೆ ಹೋಗುವ ಆಸೆಯಿಂದ ಈ ಕಡೆಯ ನೋಟೀಸನ್ನು ಮೆತ್ತಗೆ ಬರೆಯುವುದು ಕೂಡ ಲಂಚದ ಒಂದು ಬಗೆಯೇ. ಹಾಗೆಯೇ ಹೆಸರಿನ ಆಸೆಯಿಂದ ಅತಿ ಕಠಿನವಾಗಿ ಬರೆಯುವುದೂ ತಪ್ಪೇ.

ಉಪಸಂಹಾರ

ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೂಡಿಕೆ ನಿಯಂತ್ರಣದ ವಕೀಲರಿಗೆ ಕಕ್ಷಿದಾರನೆಂದರೆ ಜನರ ನಂಬಿಕೆ. ಹಣ ಇಟ್ಟವನು ‘ಈ ಬರಹ ನಿಜ’ ಎಂದು ನಂಬಿದ್ದಾನೆ. ನೋಟೀಸು ಪಡೆದವನು ‘ನನ್ನ ಮಾತನ್ನು ಕೇಳುತ್ತಾರೆ’ ಎಂದು ನಂಬಿದ್ದಾನೆ. ಇವೆರಡು ಬೇರೆ ಬೇರೆ ನಂಬಿಕೆಗಳಲ್ಲ. ಎದುರು ಪಕ್ಷಕ್ಕೆ ಅನ್ಯಾಯ ಮಾಡಿ ಬರೆದ ಆದೇಶ ಮೇಲಿನ ಮೆಟ್ಟಿಲಿನಲ್ಲಿ ಬಿದ್ದುಹೋಗುತ್ತದೆ. ಅದು ಬಿದ್ದ ದಿನ ನಿವೃತ್ತ ಶಿಕ್ಷಕರ ಹಣವೂ ಬಿದ್ದುಹೋಗುತ್ತದೆ. ಆರೋಪಿಗೆ ನ್ಯಾಯ ಒದಗಿಸುವುದು ಹೂಡಿಕೆದಾರನಿಗೆ ಮಾಡುವ ದ್ರೋಹವಲ್ಲ, ಅವನಿಗೆ ಕೊಡುವ ಗಟ್ಟಿಯಾದ ರಕ್ಷಣೆ.

ಷೇರುಪೇಟೆಗೆ ಸಂಬಂಧಿಸಿದ ಮೂರು ಕಾಯ್ದೆಗಳನ್ನು ಒಂದುಗೂಡಿಸುವ ಮಸೂದೆಯೊಂದು 2025ರ ಡಿಸೆಂಬರ್ ತಿಂಗಳಲ್ಲಿ ಲೋಕಸಭೆಯಲ್ಲಿ ಮಂಡಿತವಾಯಿತು. ಕಾಯ್ದೆಯ ಹೆಸರು, ಪ್ರಕರಣಗಳ ಸಂಖ್ಯೆ ಕಾಲಕ್ಕೆ ತಕ್ಕಂತೆ ಬದಲಾಗಬಹುದು. ಆದರೆ ಯಾವುದೋ ಸಂಜೆ, ಕಚೇರಿಯ ಎಲ್ಲರೂ ಮನೆಗೆ ಹೋದ ಮೇಲೆ, ಕಡತದ ಕೊನೆಯಲ್ಲಿ ತನ್ನ ವಾದಕ್ಕೆ ವಿರುದ್ಧವಾದ ಕಾಗದವೊಂದನ್ನು ಕಾಣುವ ಗಳಿಗೆ ಪ್ರತಿಯೊಬ್ಬ ತರುಣ ವಕೀಲರಿಗೂ ಬಂದೇ ಬರುತ್ತದೆ. ಅಂದು ಆ ಕಾಗದವನ್ನು ಕೈಗೆತ್ತಿಕೊಂಡು ನೋಟೀಸಿಗೆ ಜೋಡಿಸುವವರು ಈ ಶಾಲೆಯ ಬೆಂಚಿನಿಂದ ಎದ್ದು ಹೋದ ವಿದ್ಯಾರ್ಥಿಯಾಗಿರಲಿ ಎಂದು ಹಾರೈಸುತ್ತೇವೆ.